ನಿಮಗಿದು ಗೊತ್ತೇ? ಗ್ರೆಟ್ಸ್ಕಿ ಮತ್ತು ಐಸ್ ಹಾಕಿಯ ಹೆಸರುಗಳು

‘ದಿ ಗ್ರೇಟ್ ವನ್’ ಎಂದೇ ಹೆಸರಾದ ಕೆನಡಾದ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ. ಅವರ ಆಟದ ಬದುಕಿನಲ್ಲಿ ಬಂದುಹೋಗುವ ಹೆಸರುಗಳಿಗೆ ಒಂದೊಂದು ಕತೆಯಿದೆ.

● ಗ್ರೆಟ್ಸ್ಕಿ ಹುಟ್ಟಿದ್ದು 1961ರ ಜನವರಿ 26ರಂದು, ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿ. ಊರಿಗೆ ಆ ಹೆಸರು ಬಂದದ್ದು ಮೊಹಾಕ್ ನಾಯಕ ಜೋಸೆಫ್ ಬ್ರಾಂಟ್‌ನಿಂದ. ಅವನು ಗ್ರ್ಯಾಂಡ್ ನದಿ ದಾಟಿದ ಜಾಗವೇ ‘ಬ್ರಾಂಟ್ಸ್ ಫೋರ್ಡ್’. ಈಗ ಅದೇ ಊರಿನ ದೊಡ್ಡ ರಸ್ತೆಯೊಂದಕ್ಕೆ ಗ್ರೆಟ್ಸ್ಕಿಯ ಹೆಸರಿದೆ.

● ಬಾಲಕ ಗ್ರೆಟ್ಸ್ಕಿಯ ಆರಾಧ್ಯ ಆಟಗಾರ ಗಾರ್ಡಿ ಹೋವ್, ಅವರ ಅಂಗಿಯ ಸಂಖ್ಯೆ 9. ಸೂ ಸೇಂಟ್ ಮರೀ ಗ್ರೇಹೌಂಡ್ಸ್ ತಂಡ ಸೇರಿದಾಗ ಆ ಸಂಖ್ಯೆ ಬೇರೊಬ್ಬರ ಬೆನ್ನೇರಿತ್ತು. ತರಬೇತುದಾರರ ಸಲಹೆಯಂತೆ ಎರಡು ಒಂಬತ್ತು ತೊಟ್ಟರು. ಗ್ರೆಟ್ಸ್ಕಿ ನಿವೃತ್ತರಾದ ಮೇಲೆ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಯಾವ ತಂಡವೂ 99ನ್ನು ಯಾರಿಗೂ ಕೊಡುವಂತಿಲ್ಲ.

● 18ನೇ ಹುಟ್ಟುಹಬ್ಬದಂದು ಎಡ್ಮಂಟನ್ ಆಯಿಲರ್ಸ್ ಜೊತೆ 21 ವರ್ಷಗಳ ಕರಾರಿಗೆ ಸಹಿ ಬಿತ್ತು. ಆಲ್ಬರ್ಟಾ ಪ್ರಾಂತ್ಯದ ತೈಲ ಉದ್ಯಮವೇ ತಂಡದ ಹೆಸರಿನ ಮೂಲ. ಆದರೆ 1988ರ ಆಗಸ್ಟ್ 9ರಂದು ತಂಡ ಅವರನ್ನು ಲಾಸ್ ಏಂಜಲಿಸ್ ಕಿಂಗ್ಸ್‌ಗೆ ಬಿಟ್ಟುಕೊಟ್ಟಿತು. ಸರ್ಕಾರ ಅಡ್ಡ ಬರಬೇಕೆಂದು ಸಂಸದರೊಬ್ಬರು ಒತ್ತಾಯಿಸಿದ್ದೂ ಉಂಟು!

● ಎದುರಾಳಿಯ ಗೋಲುಪೆಟ್ಟಿಗೆಯ ಹಿಂದಿನ ಜಾಗಕ್ಕೆ ‘ಗ್ರೆಟ್ಸ್ಕಿಯ ಆಫೀಸು’ ಎಂದು ಹೆಸರು. ಅಲ್ಲಿ ನಿಂತು ಅವರು ಜೊತೆಗಾರರಿಗೆ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ದಾಟಿಸುತ್ತಿದ್ದರು. ಅವರ ಗೋಲು 894, ಗೋಲಿಗೆ ನೆರವಾದದ್ದು 1963 ಸಲ. ಗೋಲುಗಳನ್ನು ಬದಿಗಿಟ್ಟು ಬರೀ ನೆರವನ್ನೇ ಎಣಿಸಿದರೂ ಬೇರಾವ ಆಟಗಾರನ ಗೋಲು, ನೆರವು ಎರಡೂ ಸೇರಿದ ಒಟ್ಟು ಅಂಕಗಳೂ ಅಷ್ಟಾಗುವುದಿಲ್ಲ.

● ‘ಹ್ಯಾಟ್ರಿಕ್’ ಕ್ರಿಕೆಟ್‌ನಿಂದ ಬಂದ ಮಾತು. 1858ರಲ್ಲಿ ಎಚ್‌.ಎಚ್‌. ಸ್ಟೀಫನ್‌ಸನ್ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಕಿತ್ತಾಗ ಟೋಪಿ ಬಹುಮಾನ ಸಿಕ್ಕಿತ್ತು. ಐಸ್ ಹಾಕಿಯಲ್ಲಿ ಮೂರನೇ ಗೋಲು ಬಿದ್ದರೆ ಪ್ರೇಕ್ಷಕರೇ ಟೋಪಿ ಕಿತ್ತು ಅಂಗಳಕ್ಕೆ ಎಸೆಯುತ್ತಾರೆ. ಗ್ರೆಟ್ಸ್ಕಿ ಹೊಡೆದದ್ದು 50 ಹ್ಯಾಟ್ರಿಕ್. ನಮ್ಮಲ್ಲಿ ಮೊದಲ ಮೂರೂ ಚಿತ್ರ ಗೆಲ್ಲಿಸಿ ‘ಹ್ಯಾಟ್ರಿಕ್ ಹೀರೋ’ ಆದವರು ಶಿವರಾಜ್‌ಕುಮಾರ್.

● ‘ಗಾರ್ಡಿ ಹೋವ್ ಹ್ಯಾಟ್ರಿಕ್’ ಬೇರೆಯದೇ ಲೆಕ್ಕ: ಒಂದೇ ಪಂದ್ಯದಲ್ಲಿ ಒಂದು ಗೋಲು, ಒಂದು ನೆರವು, ಒಂದು ಹೊಡೆದಾಟ!

● ಹೊಡೆದಾಡದೆ ಸಭ್ಯವಾಗಿ ಆಡಿ ಮಿಂಚುವವರಿಗೆ ಲೇಡಿ ಬಿಂಗ್ ಟ್ರೋಫಿ. ಕೊಟ್ಟವರು ಕೆನಡಾದ ಗವರ್ನರ್ ಜನರಲ್ ಬಿಂಗ್ ಅವರ ಪತ್ನಿ. ಗ್ರೆಟ್ಸ್ಕಿಗೆ ಇದು ಐದು ಸಲ ಒಲಿಯಿತು.

● ಲೀಗ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಕೊಡುಗೆಯೂ ಇನ್ನೊಬ್ಬ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಅವರದು, 1892ರಲ್ಲಿ. ಗೆದ್ದ ಆಟಗಾರರ ಹೆಸರು ಅದರ ಮೇಲೆ ಕೆತ್ತಿಸುವುದು ರೂಢಿ. 1984ರಲ್ಲಿ ಆಯಿಲರ್ಸ್ ಕಪ್ ಗೆದ್ದಾಗ ಅದರ ಮಾಲೀಕ ಪೀಟರ್ ಪಾಕ್ಲಿಂಗ್ಟನ್ ತಂಡಕ್ಕೆ ಸಂಬಂಧವೇ ಇಲ್ಲದ ತಮ್ಮ ತಂದೆ ಬೇಸಿಲ್ ಹೆಸರನ್ನೂ ಸೇರಿಸಿಬಿಟ್ಟರು. ಲೀಗ್ ಸುಮ್ಮನಿರಲಿಲ್ಲ, ಆ ಹೆಸರಿನ ಮೇಲೆ ಸಾಲಾಗಿ ಎಕ್ಸ್ ಅಕ್ಷರ ಒತ್ತಿಸಿತು.

● ಋತುವೊಂದರಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ‘ರಾಕೆಟ್’ ಎಂಬ ಅಡ್ಡಹೆಸರಿನ ಹಳೆಯ ಆಟಗಾರ ರಿಚರ್ಡ್ ಹೆಸರಿನ ಟ್ರೋಫಿ. 1981–82ರ ಒಂದೇ ಋತುವಿನಲ್ಲಿ 92 ಗೋಲು ಹೊಡೆದ ಗ್ರೆಟ್ಸ್ಕಿ ಅದನ್ನು ಗೆದ್ದೇ ಇಲ್ಲ! ಟ್ರೋಫಿ ಶುರುವಾದದ್ದೇ ಅವರ ಕೊನೆಯ ಋತು 1998–99ರಲ್ಲಿ.

● ಅವರ 894 ಗೋಲುಗಳ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ರಷ್ಯಾದ ಆಟಗಾರ ಅಲೆಕ್ಸ್ ಒವೆಚ್ಕಿನ್ ಮುರಿದರು.

● ಬೇಸ್‌ಬಾಲ್ ಲೋಕದಲ್ಲೂ ಗ್ರೆಟ್ಸ್ಕಿಯ ಹೆಸರಿದೆ. 1991ರಲ್ಲಿ ಅವರು ಕಿಂಗ್ಸ್ ಮಾಲೀಕ ಬ್ರೂಸ್ ಮೆಕ್‌ನಾಲ್ ಜೊತೆ ಸೇರಿ ಹೋನಸ್ ವ್ಯಾಗ್ನರ್ ಎಂಬ ಹಳೆಯ ಬೇಸ್‌ಬಾಲ್ ಆಟಗಾರನ ಚಿತ್ರವಿರುವ ಅಪರೂಪದ ಕಾರ್ಡನ್ನು 4,51,000 ಡಾಲರಿಗೆ ಕೊಂಡರು. ಅದು ಎಷ್ಟೋ ಕೈ ಬದಲಾಯಿಸಿ 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಚಿತ್ರ ವ್ಯಾಗ್ನರ್‌ದಾದರೂ ಸಂಗ್ರಹಕಾರರ ಬಾಯಲ್ಲಿ ಅದು ಇಂದಿಗೂ ‘ಗ್ರೆಟ್ಸ್ಕಿ ಕಾರ್ಡ್’.