ಆನ್‌ಲೈನ್ ಅರ್ಜಿಯ ಸ್ವೀಕೃತಿ ಪತ್ರದಲ್ಲಿ ದಿನಾಂಕ ಮತ್ತು ವೇಳೆ ತಪ್ಪಾಗಿ ನಮೂದಾದಲ್ಲಿ: ಕಾರಣಗಳು ಮತ್ತು ಸರಿಪಡಿಸುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿದ ಕೂಡಲೇ ಅರ್ಜಿದಾರರಿಗೆ ಅರ್ಜಿ ಸಂಖ್ಯೆ, ದಿನಾಂಕ ಹಾಗೂ ವೇಳೆಯನ್ನು ಒಳಗೊಂಡ ಸ್ವೀಕೃತಿ ಪತ್ರವು ದೊರೆಯುತ್ತದೆ. ಕಛೇರಿಯ ಆವಕ ಶಾಖೆಯಲ್ಲಿ ಅರ್ಜಿಯ ಮೇಲೆ ಒತ್ತುವ ದಿನಾಂಕದ ಮೊಹರಿಗೆ ಇರುವ ಮಹತ್ವವೇ ಈ ನಮೂದಿಗೂ ಇರುತ್ತದೆ. ಕೆಲವು ಸಂದರ್ಭಗಳಲ್ಲಿ ಈ ವೇಳೆಯು ಅರ್ಜಿ ಸಲ್ಲಿಸಿದ ವಾಸ್ತವ ವೇಳೆಗಿಂತ ಹಿಂದೆ ಅಥವಾ ಮುಂದೆ ಇರುವುದು ಕಂಡುಬರುತ್ತದೆ. ಇಂತಹ ವ್ಯತ್ಯಾಸಕ್ಕೆ ಕಾರಣವೇನು, ಅದನ್ನು ಗುರುತಿಸುವುದು ಹೇಗೆ ಹಾಗೂ ಅರ್ಜಿದಾರರು ಕೈಗೊಳ್ಳಬೇಕಾದ ಕ್ರಮಗಳೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ದಿನಾಂಕದ ಮಹತ್ವ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳನ್ನು ನಿಗದಿತ ಅವಧಿಯೊಳಗೆ ನೀಡಬೇಕಾಗುತ್ತದೆ. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳ ಮಿತಿಗೊಳಪಟ್ಟು, ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರಡಿಯಲ್ಲಿಯೂ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ಒದಗಿಸತಕ್ಕದ್ದು. ಇಂತಹ ಅವಧಿಗಳ ಎಣಿಕೆಗೆ ಅರ್ಜಿ ಸ್ವೀಕೃತವಾದ ದಿನಾಂಕವೇ ಆಧಾರ. ಕೊನೆಯ ದಿನಾಂಕ ನಿಗದಿಯಾಗಿರುವ ಅರ್ಜಿಗಳಲ್ಲಂತೂ ವೇಳೆಯ ತಪ್ಪು ನಮೂದಿನಿಂದ, ಸಕಾಲದಲ್ಲಿ ಸಲ್ಲಿಸಿದ ಅರ್ಜಿಯೂ ಅವಧಿ ಮೀರಿದ್ದೆಂದು ತೋರುವ ಸಾಧ್ಯತೆ ಇರುತ್ತದೆ.

3. ಐದೂವರೆ ಗಂಟೆಯ ವ್ಯತ್ಯಾಸಕ್ಕೆ ಕಾರಣ

ಭಾರತದಾದ್ಯಂತ ಒಂದೇ ಕಾಲಮಾನವು ಜಾರಿಯಲ್ಲಿದೆ. ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಈ ಭಾರತೀಯ ಪ್ರಮಾಣ ಕಾಲವು 1906ರಲ್ಲಿ ಜಾರಿಗೆ ಬಂದಿತು. ಇದು ಯುಟಿಸಿ ಎಂದು ಕರೆಯಲ್ಪಡುವ ಅಂತರರಾಷ್ಟ್ರೀಯ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ.

ಅರ್ಜಿಗಳನ್ನು ದಾಖಲಿಸುವ ಸರ್ವರ್‌ಗಳು ಬಹುತೇಕ ಯುಟಿಸಿಯಲ್ಲಿಯೇ ವೇಳೆಯನ್ನು ದಾಖಲಿಸಿಕೊಳ್ಳುತ್ತವೆ. ಇದು ದೋಷವಲ್ಲ, ಅಂಗೀಕೃತ ಪದ್ಧತಿ. ಹೀಗೆ ದಾಖಲಾದ ವೇಳೆಗೆ ಐದೂವರೆ ಗಂಟೆಯನ್ನು ಕೂಡಿಸಿ ಅರ್ಜಿದಾರರಿಗೆ ತೋರಿಸುವುದು ತಂತ್ರಾಂಶದ ಕೆಲಸ. ಈ ಕೂಡಿಕೆಯು ನಡೆಯದಿದ್ದಲ್ಲಿ ಅಥವಾ ಎರಡು ಬಾರಿ ನಡೆದಲ್ಲಿ ತಪ್ಪು ವೇಳೆಯು ಮುದ್ರಿತವಾಗುತ್ತದೆ.

4. ವ್ಯತ್ಯಾಸದಿಂದ ಕಾರಣವನ್ನು ಗುರುತಿಸುವ ಬಗೆ

ಅ) ವೇಳೆಯು ನಿಖರವಾಗಿ 5 ಗಂಟೆ 30 ನಿಮಿಷ ಹಿಂದಿದ್ದಲ್ಲಿ: ಯುಟಿಸಿ ವೇಳೆಯೇ ನೇರವಾಗಿ ಮುದ್ರಿತವಾಗಿದೆ ಎಂದು ತಿಳಿಯಬಹುದು. ಏಪ್ರಿಲ್ 1ರಂದು ಮಧ್ಯರಾತ್ರಿ ಕಳೆದು 1 ಗಂಟೆಗೆ ಸಲ್ಲಿಸಿದ ಅರ್ಜಿಯು ಮಾರ್ಚ್ 31ರ ರಾತ್ರಿ 7:30ಕ್ಕೆ ಸಲ್ಲಿಸಿದಂತೆ ಕಾಣುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ 5:30ರ ಒಳಗೆ ಸಲ್ಲಿಸಿದ ಅರ್ಜಿಗಳಲ್ಲಿ ದಿನಾಂಕವೇ ಒಂದು ದಿನ ಹಿಂದಕ್ಕೆ ಸರಿದಿರುತ್ತದೆ.

ಆ) ವೇಳೆಯು ನಿಖರವಾಗಿ 5 ಗಂಟೆ 30 ನಿಮಿಷ ಮುಂದಿದ್ದಲ್ಲಿ: ಈಗಾಗಲೇ ಭಾರತೀಯ ಕಾಲಮಾನದಲ್ಲಿರುವ ವೇಳೆಗೆ ಮತ್ತೊಮ್ಮೆ ಐದೂವರೆ ಗಂಟೆ ಸೇರಿದೆ. ಅರ್ಜಿದಾರರಿಗೆ ಹೆಚ್ಚು ತೊಂದರೆ ಉಂಟುಮಾಡುವ ದೋಷವಿದು. ಕೊನೆಯ ದಿನವಾದ ಮಾರ್ಚ್ 31ರಂದು ಸಂಜೆ 7:10ಕ್ಕೆ ಸಲ್ಲಿಸಿದ ಅರ್ಜಿಯ ಮೇಲೆ ಏಪ್ರಿಲ್ 1, 00:40 ಎಂದು ನಮೂದಾಗುತ್ತದೆ. ಸಂಜೆ 6:30ರ ನಂತರ ಸಲ್ಲಿಸಿದ ಎಲ್ಲ ಅರ್ಜಿಗಳೂ ಮರುದಿನದ ಅರ್ಜಿಗಳಂತೆ ತೋರುತ್ತವೆ.

ಇ) ವೇಳೆಯು ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಹಿಂದಿದ್ದಲ್ಲಿ: ತಂತ್ರಾಂಶದಲ್ಲಿ ಅಮೆರಿಕದ ಪೂರ್ವ ಭಾಗದ ಕಾಲವಲಯವು ಆಯ್ಕೆಯಾಗಿರುವ ಸಾಧ್ಯತೆ ಇದೆ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುವ ಪದ್ಧತಿ ಇರುವುದರಿಂದ ವ್ಯತ್ಯಾಸವು ಋತುವಿಗೆ ಅನುಗುಣವಾಗಿ ಬದಲಾಗುತ್ತದೆ. ಭಾರತದಲ್ಲಿ ಈ ಪದ್ಧತಿ ಇರುವುದಿಲ್ಲ.

ಈ) ವ್ಯತ್ಯಾಸವು ಕೆಲವೇ ನಿಮಿಷಗಳಷ್ಟಿದ್ದಲ್ಲಿ: ಇದು ಕಾಲವಲಯದ ದೋಷವಲ್ಲ. ಸರ್ವರ್‌ನ ಗಡಿಯಾರವೇ ನಿಧಾನವಾಗಿ ಅಥವಾ ವೇಗವಾಗಿ ನಡೆಯುತ್ತಿರುತ್ತದೆ.

ಉ) 1970ರ ಜನವರಿ 1, ಬೆಳಿಗ್ಗೆ 5:30 ಎಂದು ನಮೂದಾಗಿದ್ದಲ್ಲಿ: ಅನೇಕ ಗಣಕಯಂತ್ರ ವ್ಯವಸ್ಥೆಗಳು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತವೆ. ದಿನಾಂಕವು ದಾಖಲಾಗದೆ ಆ ಜಾಗದಲ್ಲಿ ಸೊನ್ನೆ ಉಳಿದಾಗ ಈ ದಿನಾಂಕವು ಮುದ್ರಿತವಾಗುತ್ತದೆ. ಇಂತಹ ಅರ್ಜಿಯು ಪೂರ್ಣವಾಗಿ ದಾಖಲಾಗಿದೆಯೇ ಎಂಬುದನ್ನು ಕೂಡಲೇ ವಿಚಾರಿಸಿಕೊಳ್ಳುವುದು ಸೂಕ್ತ.

ಊ) ದಿನ ಮತ್ತು ತಿಂಗಳು ಅದಲುಬದಲಾಗಿದ್ದಲ್ಲಿ: 04/05 ಎಂಬುದು ನಮ್ಮ ಪದ್ಧತಿಯಲ್ಲಿ ಮೇ 4, ಅಮೆರಿಕದ ಪದ್ಧತಿಯಲ್ಲಿ ಏಪ್ರಿಲ್ 5. ತಿಂಗಳ 12ನೇ ದಿನದವರೆಗೆ ಮಾತ್ರ ಈ ಗೊಂದಲ ಉಂಟಾಗುವುದರಿಂದ ಇದು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

5. ಅರ್ಜಿದಾರರು ಮೊದಲು ಪರಿಶೀಲಿಸಬೇಕಾದ ಅಂಶಗಳು

ಕೆಲವು ಪುಟಗಳು ಸರ್ವರ್‌ನ ವೇಳೆಯನ್ನು ತೋರಿಸದೆ, ಅರ್ಜಿದಾರರ ಗಣಕಯಂತ್ರದಲ್ಲಿರುವ ಕಾಲವಲಯಕ್ಕೆ ಪರಿವರ್ತಿಸಿದ ವೇಳೆಯನ್ನು ತೋರಿಸುತ್ತವೆ. ಆದ್ದರಿಂದ ಅದೇ ಅರ್ಜಿಯ ವಿವರವನ್ನು ಮೊಬೈಲ್ ದೂರವಾಣಿಯಲ್ಲಿಯೂ ತೆರೆದು ನೋಡತಕ್ಕದ್ದು. ಎರಡರಲ್ಲಿಯೂ ಒಂದೇ ತಪ್ಪು ವೇಳೆ ಇದ್ದಲ್ಲಿ ದೋಷವು ಬಹುತೇಕ ಜಾಲತಾಣದಲ್ಲಿರುತ್ತದೆ. ಗಣಕಯಂತ್ರದಲ್ಲಿ ಮಾತ್ರ ತಪ್ಪಿದ್ದಲ್ಲಿ ಅದರ ಹೊಂದಾಣಿಕೆಯನ್ನು ಸರಿಪಡಿಸಿಕೊಳ್ಳಬೇಕು.

ವಿಂಡೋಸ್ ಗಣಕಯಂತ್ರದಲ್ಲಿ ಪರದೆಯ ಕೆಳಭಾಗದ ಗಡಿಯಾರದ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ, ದಿನಾಂಕ ಮತ್ತು ವೇಳೆಯ ಹೊಂದಾಣಿಕೆಯನ್ನು ತೆರೆಯಬಹುದು. ಕಾಲವಲಯದ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಇರುವುದಿಲ್ಲ. ಯುಟಿಸಿ+05:30 ಎಂಬುದರ ಮುಂದೆ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲನ್ನು ಆಯ್ಕೆ ಮಾಡಿಕೊಳ್ಳತಕ್ಕದ್ದು. ಅದೇ ಅಂತರದ ಮುಂದೆ ಶ್ರೀಲಂಕಾದ ಊರಿನ ಹೆಸರಿರುವ ಸಾಲೂ ಇರುತ್ತದೆ, ಗೊಂದಲಕ್ಕೆ ಒಳಗಾಗಬಾರದು. ಕಾಲವಲಯವು ತಪ್ಪಿರುವಾಗ ಗಡಿಯಾರದ ಮುಳ್ಳನ್ನು ಮಾತ್ರ ಮುಂದೂಡಿದಲ್ಲಿ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

ಗಣಕಯಂತ್ರವನ್ನು ಆರಿಸಿದಾಗಲೆಲ್ಲ ದಿನಾಂಕವು ಹಳೆಯ ವರ್ಷಕ್ಕೆ ಮರಳುತ್ತಿದ್ದಲ್ಲಿ ಒಳಗಿರುವ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು. ದಿನಾಂಕವು ಬಹಳ ತಪ್ಪಾಗಿದ್ದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯದೆ ಎಚ್ಚರಿಕೆಯ ಸಂದೇಶ ಬರುವುದೂ ಉಂಟು.

6. ಜಾಲತಾಣದಲ್ಲಿ ದೋಷವನ್ನು ಸರಿಪಡಿಸುವ ಕ್ರಮ

ತಾಂತ್ರಿಕ ಸಿಬ್ಬಂದಿಯು ಗೊತ್ತಾದ ವೇಳೆಗೆ ಒಂದು ಪರೀಕ್ಷಾರ್ಥ ಅರ್ಜಿಯನ್ನು ಸಲ್ಲಿಸಿ, ಸರ್ವರ್‌ನ ಗಡಿಯಾರ, ಡೇಟಾಬೇಸ್‌ನಲ್ಲಿ ದಾಖಲಾದ ವೇಳೆ ಹಾಗೂ ಮುದ್ರಿತ ಪತ್ರದಲ್ಲಿರುವ ವೇಳೆ ಈ ಮೂರನ್ನೂ ಹೋಲಿಸಿ ನೋಡುವುದು ಸರಿಯಾದ ಕ್ರಮ. ಯಾವ ಹಂತದಲ್ಲಿ ವ್ಯತ್ಯಾಸವು ಮೊದಲು ಕಾಣುತ್ತದೆಯೋ ಅಲ್ಲಿಯೇ ದೋಷವಿರುತ್ತದೆ. ಜಾಲತಾಣ ತಂತ್ರಾಂಶಗಳಲ್ಲಿ ಭಾರತದ ಕಾಲವಲಯವು ಏಷ್ಯಾ/ಕೋಲ್ಕತ್ತ ಎಂಬ ಹೆಸರಿನಲ್ಲಿದೆ. ಪರಿವರ್ತನೆಯು ಒಂದೇ ಹಂತದಲ್ಲಿ, ಒಂದೇ ಬಾರಿ ನಡೆಯುವಂತೆ ಹೊಂದಿಸುವುದು ಮುಖ್ಯ.

ಸರ್ವರ್‌ನ ಗಡಿಯಾರವನ್ನು ಜಾಲದ ಮೂಲಕ ಪ್ರಮಾಣಿತ ಗಡಿಯಾರದೊಂದಿಗೆ ಹೊಂದಿಸಲಾಗುತ್ತದೆ. ಭಾರತೀಯ ಪ್ರಮಾಣ ಕಾಲವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ನಿರ್ವಹಿಸುತ್ತದೆ. ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕಾಲ ಸರ್ವರ್‌ಗಳೊಂದಿಗೆ, ಇಲ್ಲವೇ ಅವುಗಳನ್ನು ಆಧರಿಸಿದ ಸರ್ವರ್‌ಗಳೊಂದಿಗೆ ಗಡಿಯಾರಗಳನ್ನು ಹೊಂದಿಸುವಂತೆ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ವ್ಯವಸ್ಥೆಯ ಚಟುವಟಿಕೆ ದಾಖಲೆಗಳನ್ನು 180 ದಿನಗಳವರೆಗೆ ಕಾಯ್ದಿರಿಸುವಂತೆಯೂ ಅದರಲ್ಲಿ ಸೂಚಿಸಲಾಗಿದೆ. ಆದ್ದರಿಂದ ದೂರನ್ನು ತಡಮಾಡದೆ ಸಲ್ಲಿಸುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳಿತು.

7. ಕಾನೂನಿನ ಸ್ಥಿತಿ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸ್ವೀಕರಿಸುವವರು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆಯು ಪ್ರವೇಶಿಸಿದ ವೇಳೆಯೇ ಸ್ವೀಕೃತಿಯ ವೇಳೆಯಾಗಿರುತ್ತದೆ. ಅಂದರೆ ಅರ್ಜಿಯು ವಾಸ್ತವವಾಗಿ ತಲುಪಿದ ಕ್ಷಣವು ಮುಖ್ಯವೇ ಹೊರತು, ಹೊಂದಾಣಿಕೆಯ ದೋಷದಿಂದ ಕಾಗದದ ಮೇಲೆ ತಪ್ಪಾಗಿ ಮುದ್ರಿತವಾದ ವೇಳೆಯಲ್ಲ. ಆದರೆ ವಾಸ್ತವ ವೇಳೆಯನ್ನು ತೋರಿಸಿಕೊಡಲು ದಾಖಲೆಗಳು ಅವಶ್ಯಕ.

8. ತಿದ್ದುಪಡಿ ಕೋರುವ ವಿಧಾನ

ತಪ್ಪು ಕಂಡುಬಂದಲ್ಲಿ ಅರ್ಜಿದಾರರು ಎರಡನೆಯ ಬಾರಿ ಅರ್ಜಿ ಸಲ್ಲಿಸಲು ಅವಸರಪಡಬಾರದು. ಇದರಿಂದ ಎರಡು ಅರ್ಜಿ ಸಂಖ್ಯೆಗಳು ಸೃಷ್ಟಿಯಾಗಿ ಮೊದಲಿನ ದಿನಾಂಕದ ಬಗ್ಗೆ ಮತ್ತಷ್ಟು ಗೊಂದಲ ಉಂಟಾಗಬಹುದು. ಅದರ ಬದಲಿಗೆ ಸಂಬಂಧಪಟ್ಟ ಕಛೇರಿಗೆ ಲಿಖಿತ ಮನವಿಯನ್ನು ಸಲ್ಲಿಸಿ, ಈ ಕೆಳಕಂಡ ದಾಖಲೆಗಳನ್ನು ಲಗತ್ತಿಸಬಹುದು:

1) ಸ್ವೀಕೃತಿ ಪತ್ರದ ಪ್ರತಿ
2) ಅರ್ಜಿ ಸಲ್ಲಿಕೆಯಾದ ಬಗ್ಗೆ ಮೊಬೈಲ್‌ಗೆ ಬಂದ ಸಂದೇಶ
3) ಶುಲ್ಕ ಪಾವತಿಸಿದ್ದಲ್ಲಿ ಬ್ಯಾಂಕಿನ ವಹಿವಾಟು ಸಂಖ್ಯೆ ಮತ್ತು ವೇಳೆ
4) ಸೇವಾ ಕೇಂದ್ರದ ಮೂಲಕ ಸಲ್ಲಿಸಿದ್ದಲ್ಲಿ ಅಲ್ಲಿ ನೀಡಿದ ರಸೀದಿ

ಬ್ಯಾಂಕಿನ ವೇಳೆ ಹಾಗೂ ಮೊಬೈಲ್ ಸಂದೇಶದ ವೇಳೆಯು ಅರ್ಜಿಯ ಜಾಲತಾಣದ ಮುದ್ರಣಕ್ಕೆ ಅಧೀನವಾಗಿಲ್ಲದ ಕಾರಣ ಅವು ಉತ್ತಮ ಪುರಾವೆಗಳಾಗಿರುತ್ತವೆ. ವ್ಯತ್ಯಾಸವು ನಿಖರವಾಗಿ ಎಷ್ಟು ಎಂಬುದನ್ನು ಮನವಿಯಲ್ಲಿ ನಮೂದಿಸಿದಲ್ಲಿ ಪರಿಶೀಲನೆಯು ಶೀಘ್ರವಾಗುತ್ತದೆ. ಅರ್ಜಿಯು ಅವಧಿ ಮೀರಿದ್ದೆಂಬ ಕಾರಣದಿಂದ ತಿರಸ್ಕೃತವಾಗಿದ್ದಲ್ಲಿ ಕಾರಣ ಸಹಿತವಾದ ಹಿಂಬರಹವನ್ನು ಲಿಖಿತವಾಗಿ ಕೇಳಿ ಪಡೆಯತಕ್ಕದ್ದು. ಮೇಲ್ಮನವಿ ಸಲ್ಲಿಸಲು ಅದು ಆಧಾರವಾಗುತ್ತದೆ.

9. ಹೊರದೇಶಗಳಿಂದ ಅರ್ಜಿ ಸಲ್ಲಿಸುವವರ ಗಮನಕ್ಕೆ

ಕೊನೆಯ ದಿನಾಂಕವನ್ನು ಭಾರತೀಯ ಕಾಲಮಾನದಲ್ಲಿ ಪ್ರಕಟಿಸಲಾಗಿದ್ದಲ್ಲಿ, ಇಲ್ಲಿಯ ರಾತ್ರಿ 11:59 ಎಂದರೆ ದುಬೈನಲ್ಲಿ ರಾತ್ರಿ 10:29, ನ್ಯೂಯಾರ್ಕ್‌ನಲ್ಲಿ ಚಳಿಗಾಲದಲ್ಲಿ ಅದೇ ದಿನ ಮಧ್ಯಾಹ್ನ 1:29, ಬೇಸಿಗೆಯಲ್ಲಿ 2:29 ಆಗಿರುತ್ತದೆ. ಅಲ್ಲಿಯ ಮಧ್ಯರಾತ್ರಿಯವರೆಗೆ ಕಾಲಾವಕಾಶವಿದೆ ಎಂದು ಭಾವಿಸತಕ್ಕದ್ದಲ್ಲ.

10. ಕೊನೆಯ ದಿನದ ಸಂಜೆಯವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು, ಸ್ವೀಕೃತಿ ಪತ್ರದ ದಿನಾಂಕ ಹಾಗೂ ವೇಳೆಯನ್ನು ಆ ಕೂಡಲೇ ಪರಿಶೀಲಿಸುವುದು ಮತ್ತು ಅದರ ಪ್ರತಿಯನ್ನು ಕಾಯ್ದಿರಿಸಿಕೊಳ್ಳುವುದು ಸೂಕ್ತ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.