ಗೋಕುಲಂನಲ್ಲಿ ಯೋಗದ ಗುರುವನ್ನು ಹುಡುಕುತ್ತ

ಮೈಸೂರಿನ ಗೋಕುಲಂ ಬಡಾವಣೆಗೆ ಬೆಳ್ಳಂಬೆಳಿಗ್ಗೆ ಹೋದರೆ ಎಳನೀರಿನ ಗಾಡಿ, ಹೆಗಲಿಗೆ ಚಾಪೆಯ ಸುರುಳಿ ಏರಿಸಿದ ಪರದೇಶದವರು, ಬೀದಿಬೀದಿಗೂ ಯೋಗಶಾಲೆಯ ಫಲಕ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ.

ಈ ಊರಿನ ಯೋಗದ ಬೇರು ಇರುವುದು ಜಗನ್ಮೋಹನ ಅರಮನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಅಲ್ಲಿ ಪಾಠ ಹೇಳಿದರು. ಹಾಸನದ ಕಡೆಯ ಪಟ್ಟಾಭಿ ಜೋಯಿಸರು, ಕೋಲಾರ ಸೀಮೆಯ ಬಿ.ಕೆ.ಎಸ್. ಅಯ್ಯಂಗಾರ್ಯರು ಇಬ್ಬರೂ ಅವರ ಶಿಷ್ಯರು. ಜೋಯಿಸರದು ಉಸಿರಿನ ಜೊತೆ ಆಸನದಿಂದ ಆಸನಕ್ಕೆ ಸಾಗುವ ಅಷ್ಟಾಂಗ ವಿನ್ಯಾಸ. ಪುಣೆಯಲ್ಲಿ ನೆಲೆಸಿದ ಅಯ್ಯಂಗಾರ್ಯರದು ಹಗ್ಗ, ಕುರ್ಚಿ, ಮರದ ದಿಮ್ಮಿಗಳ ಆಸರೆಯಲ್ಲಿ ಒಂದೊಂದು ಆಸನದಲ್ಲೂ ನಿಂತು ತಿದ್ದಿಕೊಳ್ಳುವ ಪದ್ಧತಿ. ಮಂಡಿನೋವಿನವರು, ವಯಸ್ಸಾದವರು ಎರಡನೆಯದರಿಂದ ಶುರುಮಾಡುವುದೇ ಲೇಸು ಎನ್ನುತ್ತೇನೆ.

ಗೋಕುಲಂನ ಸಣ್ಣ ಅಷ್ಟಾಂಗ ಶಾಲೆಯೊಂದರಲ್ಲಿ ಅಪ್ಪಣೆ ಕೇಳಿ ಬಾಗಿಲ ಬಳಿ ಕೂತೆ. ಲೋಕವೆಲ್ಲ ‘ಮೈಸೂರು ಶೈಲಿ’ ಎನ್ನುವುದು ಇದನ್ನೇ: ಎಲ್ಲರಿಗೂ ಒಂದೇ ಆಜ್ಞೆಯಿಲ್ಲ. ಅವರವರ ಉಸಿರಿನ ಲೆಕ್ಕಕ್ಕೆ ಅವರವರ ಅಭ್ಯಾಸ. ಮೇಷ್ಟ್ರು ನಡುವೆ ಓಡಾಡುತ್ತ ತಿದ್ದುತ್ತಾರೆ. ಒಬ್ಬರು ಕಾಲನ್ನು ಕತ್ತಿನ ಹಿಂದಕ್ಕೆ ತಂದಿದ್ದರು. ಪಕ್ಕದಲ್ಲೇ ಹೊಸದಾಗಿ ಸೇರಿದ ಹೆಣ್ಣುಮಗಳಿಗೆ ಸೂರ್ಯನಮಸ್ಕಾರ ಮಾತ್ರ. ಆಕೆ ಮುಂದಿನದನ್ನು ಕೇಳಿದಾಗ, “ಇವತ್ತಿಗೆ ಸಾಕಮ್ಮ, ಉಸಿರು ಕೂಡಿಬರಲಿ” ಎಂದರು. ಗುರುವನ್ನು ನಾನು ಅಳೆಯುವುದು ಇಂಥ ಕಡೆ. ಪಳಗಿದವರನ್ನು ಮೆರೆಸುವುದು ಸುಲಭ, ಹೊಸಬರನ್ನು ತಡೆದು ನಿಲ್ಲಿಸುವುದಕ್ಕೆ ವಿದ್ಯೆ ಬೇಕು.

ಮೈ ಮುಟ್ಟಿ ತಿದ್ದುವ ಮೊದಲು ಕೇಳುತ್ತಾರೆಯೇ, ಅದನ್ನೂ ಗಮನಿಸಿ. ಜೋಯಿಸರು ತೀರಿಕೊಂಡ ಮೇಲೆ, ಅವರ ಸ್ಪರ್ಶ ಅನುಚಿತವಾಗಿತ್ತೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಅದಕ್ಕಾಗಿ ವಿಷಾದಿಸಿದರು. ಗುರು ಎಷ್ಟೇ ದೊಡ್ಡವರಿರಲಿ, ‘ಬೇಡ’ ಎನ್ನುವ ಹಕ್ಕು ಕಲಿಯುವವರದ್ದು.

ಗೋಡೆಯ ಮೇಲಿನ 200 ಗಂಟೆಯ ಯೋಗಶಿಕ್ಷಕ ತರಬೇತಿಯ ಪ್ರಮಾಣಪತ್ರಕ್ಕೆ ಮರುಳಾಗಬೇಡಿ. ಹೆಚ್ಚುಕಡಿಮೆ ತಿಂಗಳೊಪ್ಪತ್ತಿನ ತರಬೇತಿಗೇ ಅದು ಸಿಗುತ್ತದೆ. ಯಾರ ಬಳಿ ಎಷ್ಟು ವರ್ಷ ಕಲಿತಿರಿ, ಈಗಲೂ ದಿನಾ ಅಭ್ಯಾಸವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ರಕ್ತದೊತ್ತಡ, ಹಳೆಯ ಶಸ್ತ್ರಚಿಕಿತ್ಸೆ, ಬೆನ್ನಿನ ತೊಂದರೆ ಇದ್ದರೆ ಮೊದಲ ದಿನವೇ ಹೇಳಿ. ಅವರಾಗಿಯೇ ವಿಚಾರಿಸಿದರೆ ಆ ಶಾಲೆಯನ್ನು ನಂಬಬಹುದು.

ವರ್ಷದ ಶುಲ್ಕ ಒಟ್ಟಿಗೆ ಕಟ್ಟದೆ ಒಂದು ತಿಂಗಳಿಗಷ್ಟೇ ಸೇರಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಅಷ್ಟಾಂಗ ಶಾಲೆಗಳಿಗೆ ವಾಡಿಕೆಯಂತೆ ರಜೆ. ತರಗತಿ ನೋಡಲು ಹೊರಡುವವರು ಪಂಚಾಂಗ ನೋಡಿಕೊಂಡೇ ಹೊರಡಿ.