ಕಚ್ಚಾ ದಾರಿಯ ಬೈಕು: ಮೋಜಿಗೆ ಮುನ್ನ ಮೈಯ ಲೆಕ್ಕ

ಮಗ ಬೈಕು ಕೇಳುವುದು ನಮ್ಮ ಮನೆಗಳಲ್ಲಿ ಹೊಸ ವಿಷಯವಲ್ಲ. ಈಗ ಕೇಳುವ ಬೈಕಿನ ಜಾತಿ ಮಾತ್ರ ಬೇರೆ. ಎತ್ತರದ ಸೀಟು, ಚಕ್ರದಿಂದ ಮೇಲೆದ್ದು ನಿಂತ ಮಡ್‌ಗಾರ್ಡು, ಬಟನ್ ಟೈರು, ಹೊಟ್ಟೆಯ ಕೆಳಗೆ ಕಲ್ಲು ತಾಗದಂತೆ ತಗಡಿನ ರಕ್ಷಣೆ. ‘ಊರಿಗೆಲ್ಲ ಡಾಂಬರು ರಸ್ತೆ ಆಗಿರುವಾಗ ಇದೇಕೆ?’ ಎಂದು ತಂದೆ ಕೇಳುತ್ತಾರೆ. ‘ರಸ್ತೆ ಇಲ್ಲದ ಕಡೆ ಓಡಿಸಲಿಕ್ಕೇ ಇದು’ ಎಂದು ಮಗ ಹೇಳುತ್ತಾನೆ. ಆಮೇಲೆ ತಾಯಿ, ಯಾವುದೋ ಬೇರೆ ಕಾಯಿಲೆಗೆಂದು ವೈದ್ಯರ ಬಳಿ ಬಂದವರು, ಹೊರಡುವಾಗ ಮೆಲ್ಲಗೆ ಕೇಳುತ್ತಾರೆ: ‘ಡಾಕ್ಟರೇ, ಕೊಡಿಸಬಹುದಾ?’

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ‘ಬೇಡ’ ಎನ್ನುವುದು ಸುಲಭ. ಆದರೆ ಬೇಡ ಎಂದ ಮಾತ್ರಕ್ಕೆ ಆಸೆ ಸಾಯುವುದಿಲ್ಲ. ಗೆಳೆಯನ ಬೈಕಿನ ಮೇಲೆ, ಹೆಲ್ಮೆಟ್ ಇಲ್ಲದೆ, ಮನೆಗೆ ತಿಳಿಯದಂತೆ ಅದು ತೀರುತ್ತದೆ. ಆದ್ದರಿಂದ ಈ ಬೈಕಿನಲ್ಲಿ ಒಳ್ಳೆಯದೇನು, ಅಪಾಯವೇನು ಎಂಬುದನ್ನು ಇಡೀ ಕುಟುಂಬ ತಿಳಿದಿರುವುದು ಮೇಲು.

ಯಾಕಿಷ್ಟು ಆಕರ್ಷಣೆ?

ಮೊದಲ ಕಾರಣ ಬೆಲೆ. ವಿದೇಶದಲ್ಲಿ ಇಂಥ ಬೈಕುಗಳು ದಶಕಗಳಿಂದ ಇದ್ದರೂ ನಮ್ಮಲ್ಲಿ ಅವು ಮಧ್ಯಮ ವರ್ಗದ ಕೈಗೆ ಎಟುಕುತ್ತಿರಲಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನೇ ನಮ್ಮ ಹಿಂದಿನ ತಲೆಮಾರಿನವರು ಗುಡ್ಡ ಹತ್ತಿಸುತ್ತಿದ್ದರು. 2011ರಲ್ಲಿ 150 ಸಿಸಿಯ ಹೀರೊ ಇಂಪಲ್ಸ್ ಬಂದು ಕೆಲವೇ ವರ್ಷಗಳಲ್ಲಿ ಮರೆಯಾಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು. 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಸುಮಾರು 1 ಲಕ್ಷ ರೂಪಾಯಿ ಬೆಲೆಗೆ ಬಂದಾಗ, ವಾರವೆಲ್ಲ ಕಚೇರಿಗೆ ಹೋಗಿ ಭಾನುವಾರ ಗುಡ್ಡಕ್ಕೆ ಹೋಗಬಲ್ಲ ಬೈಕು ಸಾಮಾನ್ಯ ಸಂಬಳದಾರನಿಗೂ ಸಿಕ್ಕಿತು.

ಎರಡನೆಯ ಕಾರಣ ಸ್ವಾರಸ್ಯವಾದದ್ದು. ಹೆದ್ದಾರಿಯಲ್ಲಿ ಮೈ ಜುಮ್ಮೆನ್ನಬೇಕಾದರೆ 100 ಕಿ.ಮೀ. ವೇಗ ಬೇಕು. ಕಲ್ಲು, ಮರಳು, ಕೆಸರಿನ ದಾರಿಯಲ್ಲಿ 20 ಕಿ.ಮೀ. ವೇಗದಲ್ಲೇ ಆ ಅನುಭವ ಸಿಗುತ್ತದೆ. ಮುಂದಿನ ಹತ್ತು ಅಡಿಯಲ್ಲಿ ಏನಿದೆ ಎಂಬುದರ ಮೇಲೆ ಮನಸ್ಸೆಲ್ಲ ನೆಟ್ಟಿರಬೇಕು. ಕಚೇರಿಯ ಕಿರಿಕಿರಿ, ಸಾಲದ ಕಂತು ಯಾವುದೂ ಆ ಹೊತ್ತಿಗೆ ನೆನಪಾಗುವುದಿಲ್ಲ. ‘ತಲೆ ಹಗುರಾಯಿತು’ ಎಂದು ಸವಾರರು ಹೇಳುವುದು ಬರಿಯ ಮಾತಲ್ಲ.

ಇದು ವ್ಯಾಯಾಮವೇ?

ಬೈಕು ಓಡಿಸುವುದೆಂದರೆ ಕುಳಿತು ಮಾಡುವ ಕೆಲಸ, ಅದರಲ್ಲಿ ವ್ಯಾಯಾಮವೆಲ್ಲಿ ಎಂದು ನೀವು ಕೇಳಬಹುದು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಈ ಬಗ್ಗೆ ಅಧ್ಯಯನ ನಡೆಸಿ 2010ರಲ್ಲಿ ಪ್ರಕಟಿಸಿದರು. ಕಚ್ಚಾ ದಾರಿಯ ಬೈಕು ಸವಾರನ ದೇಹ, ಸುಮ್ಮನೆ ಕುಳಿತಾಗ ಬಳಸುವುದಕ್ಕಿಂತ ಸುಮಾರು 6 ಪಟ್ಟು ಆಮ್ಲಜನಕವನ್ನು ಬಳಸುತ್ತದೆ ಎಂದು ಅವರು ಕಂಡುಕೊಂಡರು. ಇದಕ್ಕೆ ಕಾರಣವಿದೆ. ಉಬ್ಬುತಗ್ಗಿನಲ್ಲಿ ಸವಾರ ಸೀಟಿನ ಮೇಲೆ ಕೂರುವುದಿಲ್ಲ. ಪಾದಗಳನ್ನು ಫುಟ್‌ರೆಸ್ಟಿನ ಮೇಲೂರಿ, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲುತ್ತಾನೆ. ಆಗ ತೊಡೆ, ಸೊಂಟ, ಬೆನ್ನು, ಭುಜ ಎಲ್ಲವೂ ದುಡಿಯುತ್ತವೆ.

ಹೀಗೆ ನಿಲ್ಲುವುದರಿಂದ ಇನ್ನೊಂದು ಉಪಕಾರವೂ ಇದೆ. ಬಗ್ಗಿದ ಮಂಡಿಗಳು ಶಾಕ್ ಅಬ್ಸಾರ್ಬರ್‌ನಂತೆ ಕೆಲಸ ಮಾಡಿ, ಬೆನ್ನುಮೂಳೆಗೆ ಬೀಳುವ ಕುಲುಕಾಟವನ್ನು ತಡೆಯುತ್ತವೆ. ಕುಳಿತೇ ಹಾರಿಸಿಕೊಂಡು ಹೋಗುವವರಿಗೆ ಸೊಂಟನೋವು ಬರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವವನು ಭಾನುವಾರ ಒಮ್ಮೆಗೇ ನಾಲ್ಕು ಗಂಟೆ ಹೀಗೆ ದುಡಿದರೆ ದೇಹ ತಾಳುವುದಿಲ್ಲ. ಅರ್ಧ ಗಂಟೆಯಲ್ಲೇ ಮುಂಗೈ ಕಲ್ಲಿನಂತೆ ಗಟ್ಟಿಯಾಗಿ, ಬೆರಳಿಗೆ ಜೋಮು ಹಿಡಿದು, ಬ್ರೇಕ್ ಹಿಡಿಯಲಾಗದಂತೆ ಆಗಬಹುದು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಾಗ ಮುಂಗೈ ಸ್ನಾಯುಗಳು ಉಬ್ಬಿ, ಸುತ್ತಲಿನ ಪೊರೆಯೊಳಗೆ ಒತ್ತಡ ಏರುವುದೇ ಇದಕ್ಕೆ ಕಾರಣ. ಹಾಗಾದಾಗ ನಿಲ್ಲಿಸಿ ವಿಶ್ರಮಿಸಿ. ಬೈಕನ್ನು ಮಂಡಿಗಳಿಂದ ಅಪ್ಪಿ ಹಿಡಿಯಿರಿ, ಕೈ ಸಡಿಲವಾಗಿರಲಿ. ವಾರದ ಉಳಿದ ದಿನಗಳಲ್ಲಿ ಬಿರುಸಿನ ನಡಿಗೆ, ಒಂದಿಷ್ಟು ಬಸ್ಕಿ ಇದ್ದರೆ ಭಾನುವಾರದ ಸವಾರಿ ಹಗುರಾಗುತ್ತದೆ.

ಬೀಳುವುದು ಖಚಿತ

ಡಾಂಬರು ರಸ್ತೆಯಲ್ಲಿ ಬೀಳುವುದು ಅಪಘಾತ. ಕಚ್ಚಾ ದಾರಿಯಲ್ಲಿ ಬೀಳುವುದು ಆಟದ ಭಾಗ. ಇದನ್ನು ಒಪ್ಪಿಕೊಂಡೇ ಹೊರಡಬೇಕು. ಎಕ್ಸ್‌ಪಲ್ಸ್ 200ರ ಸೀಟಿನ ಎತ್ತರ 823 ಮಿ.ಮೀ., ತೂಕ ಸುಮಾರು 155 ಕಿಲೋ. ಐದೂವರೆ ಅಡಿಗಿಂತ ಕುಳ್ಳಗಿರುವವರಿಗೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವುದಿಲ್ಲ. ಬೈಕು ನಿಂತಲ್ಲೇ ವಾಲಿದರೆ ಆ ಭಾರ ಕಾಲಿನ ಮೇಲೆ ಬರುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲಿ ಬೂಟು ಹಾಕಿಕೊಂಡು ಹತ್ತಿ ನೋಡಿ.

ಹೆಚ್ಚಾಗಿ ಮುರಿಯುವುದು ಕೊರಳೆಲುಬು, ಮಣಿಕಟ್ಟು ಮತ್ತು ಪಾದದ ಗಿಣ್ಣು. ಮಂಡಿಯ ಒಳಗಿನ ಕಟ್ಟುಗಳು ಹರಿಯುವುದೂ ಉಂಟು. ಇವು ನೋವಿನಿಂದ ತಾವೇ ತಿಳಿಸುತ್ತವೆ. ನಾನು ಹೆದರುವುದು ಸದ್ದಿಲ್ಲದ ಮೂರು ಪೆಟ್ಟುಗಳಿಗೆ.

ಮೊದಲನೆಯದು ಮಣಿಕಟ್ಟಿನದು. ಹೆಬ್ಬೆರಳಿನ ಬುಡದಲ್ಲಿ ಗೋಡಂಬಿಯಷ್ಟಿರುವ ಸ್ಕಫಾಯ್ಡ್ ಎಂಬ ಮೂಳೆಯಿದೆ. ಅಂಗೈ ಊರಿ ಬಿದ್ದಾಗ ಇದು ಬಿರುಕು ಬಿಡುತ್ತದೆ. ಊತ ಅಷ್ಟಿರುವುದಿಲ್ಲ, ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ‘ಉಳುಕು’ ಎಂದು ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡು ನನ್ನ ಬಳಿಗೆ ಬಂದ ಯುವಕನೊಬ್ಬನಿಗೆ ಆಗಿದ್ದು ಇದೇ. ಈ ಮೂಳೆಯ ಒಂದು ತುದಿಗೆ ರಕ್ತ ಸಾಲದೆ ಅದು ಕೂಡಿಕೊಂಡಿರಲಿಲ್ಲ. ಮೂಳೆತಜ್ಞರು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋಯುತ್ತಿದ್ದರೆ, ಎಕ್ಸ್‌ರೇ ಸರಿಯಿದ್ದರೂ ಕೈಗೆ ಪಟ್ಟಿ ಹಾಕಿಸಿಕೊಂಡು 10ರಿಂದ 14 ದಿನಗಳಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಎರಡನೆಯದು ಹೊಟ್ಟೆಯದು. ಹ್ಯಾಂಡಲ್ ತುದಿ ಹೊಟ್ಟೆಗೆ ಗುದ್ದಿದಾಗ ಎಡಪಕ್ಕೆಯ ಕೆಳಗಿರುವ ಗುಲ್ಮ ಸೀಳಬಹುದು. ಚರ್ಮದ ಮೇಲೆ ಸಣ್ಣ ಗುರುತಷ್ಟೇ ಇದ್ದು ಒಳಗೆ ರಕ್ತ ಸೋರುತ್ತಿರಬಹುದು. ಕೆಲವೊಮ್ಮೆ ದಿನಗಳ ನಂತರವೂ ಇದು ಕಾಣಿಸಿಕೊಳ್ಳುತ್ತದೆ. ಹೊಟ್ಟೆಯ ಎಡಭಾಗದ ನೋವು, ಪೆಟ್ಟು ಬೀಳದ ಎಡಭುಜದಲ್ಲೂ ನೋವು, ತಲೆಸುತ್ತು, ಬಿಳಿಚಿದ ಮುಖ ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ.

ಮೂರನೆಯದು ತಲೆಯದು. ಬಿದ್ದವನು ಎದ್ದು ನಕ್ಕು ಮಾತನಾಡಿದ ಮಾತ್ರಕ್ಕೆ ಸರಿಯಿದ್ದಾನೆ ಎಂದಲ್ಲ. ತಲೆಬುರುಡೆಯೊಳಗೆ ರಕ್ತಸ್ರಾವವಾದಾಗ ಕೆಲವು ಗಂಟೆ ಚೆನ್ನಾಗಿದ್ದು ಆಮೇಲೆ ಪ್ರಜ್ಞೆ ತಪ್ಪುವುದುಂಟು. ವಾಂತಿ, ಏರುವ ತಲೆನೋವು, ತೊದಲು, ಮಂಪರು ಕಂಡರೆ ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಬೇಕು. ಒಂಟಿಯಾಗಿ ಮಲಗಲು ಬಿಡಬಾರದು.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿ ಹೆಸರಾದವರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯಲ್ಲಿ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ, ವೈದ್ಯರು ಅವರನ್ನು ಔಷಧಿಯಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿ ಇಡಬೇಕಾಯಿತು. ಅವರು ಚೇತರಿಸಿಕೊಂಡರು. ಅಂಥ ಪಳಗಿದ ಸವಾರ, ಅತ್ಯುತ್ತಮ ಹೆಲ್ಮೆಟ್, ತಕ್ಷಣದ ವೈದ್ಯಕೀಯ ನೆರವು ಎಲ್ಲ ಇದ್ದೂ ಹೀಗಾಯಿತು ಎಂಬುದನ್ನು ನೆನಪಿಡಿ.

ಬೈಕಿನ ಜೊತೆಗೆ ಕೊಳ್ಳಬೇಕಾದ್ದು

ಇಲ್ಲಿ ‘ಕೈಗೆಟುಕುವ ಬೆಲೆ’ ಎಂಬ ಮಾತು ಸ್ವಲ್ಪ ಮೋಸ ಮಾಡುತ್ತದೆ. ಬೈಕಿಗೆ ಇರುವ ಹಣವೆಲ್ಲ ಬೈಕಿಗೇ ಹೋದರೆ ಮೈಗೆ ಏನೂ ಉಳಿಯುವುದಿಲ್ಲ. ಐಎಸ್ಐ ಗುರುತಿನ, ಗದ್ದ ಮುಚ್ಚುವ ಹೆಲ್ಮೆಟ್ ಮೊದಲು. ಬೈಕು ಸವಾರರ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2008ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗಾಯದ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ನಂತರ ಗಿಣ್ಣು ಮುಚ್ಚುವ ಗಟ್ಟಿ ಬೂಟು, ಮಂಡಿ ಮತ್ತು ಮೊಣಕೈ ಕವಚ, ಕೈಗವಸು, ಎದೆ–ಬೆನ್ನಿನ ರಕ್ಷಾಕವಚ. ಇವಿಷ್ಟಕ್ಕೆ ಹಣ ಸಾಲದಿದ್ದರೆ ಬೈಕನ್ನೇ ಹಳೆಯದು ಕೊಳ್ಳಿ, ಇಲ್ಲವೇ ಆರು ತಿಂಗಳು ಕಾಯಿರಿ.

ಕವಚದೊಳಗೆ ಮೈ ಬೇಯುತ್ತದೆ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುನ್ನ ಹಿಂದಿರುಗಿ. ಬಾಯಾರುವ ತನಕ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿರಿ. ಮೂತ್ರ ಕಡುಹಳದಿಯಾದರೆ ನೀರು ಸಾಲಲಿಲ್ಲ ಎಂದರ್ಥ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಿಕೊಳ್ಳಿ.

ಮಲೆನಾಡಿಗೆ ಹೋಗುವವರಿಗೆ

ಮಲೆನಾಡಿನ ಸವಾರರು ಇನ್ನೊಂದು ವಿಷಯ ಅರಿತಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಚಳಿಗಾಲ ಮತ್ತು ಬೇಸಿಗೆಯಲ್ಲಿ, ಅಂದರೆ ದಾರಿ ಒಣಗಿ ಸವಾರಿಗೆ ಹದವಾಗಿರುವ ತಿಂಗಳುಗಳಲ್ಲೇ, ಇದರ ಹಾವಳಿ ಹೆಚ್ಚು. ಮೈ ಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ. ನಂತರದ ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮೀಸಲು ಅರಣ್ಯ, ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಬೈಕು ನುಗ್ಗಿಸುವುದು ಅಪರಾಧ. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ.

ಯಾರಿಗೆ ಬೇಡ?

ಮೂರ್ಛೆರೋಗ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಮಧುಮೇಹ ಇರುವವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ನಲವತ್ತು ದಾಟಿ ಹೊಸದಾಗಿ ಕಲಿಯುವವರು ಮೊದಲು ಹೃದಯ ಪರೀಕ್ಷೆ ಮಾಡಿಸಿಕೊಳ್ಳಲಿ. ಹದಿನೆಂಟು ತುಂಬದ ಮಗನಿಗೆ ಬೀಗದ ಕೈ ಕೊಟ್ಟರೆ ದಂಡ ಮಗನಿಗಲ್ಲ, ನಿಮಗೆ: 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸ.

ಬಿದ್ದಾಗ ಏನು ಮಾಡಬೇಕು?

* ಮೊದಲು ಎಂಜಿನ್ ಆರಿಸಿ. ಬಿದ್ದವನನ್ನು ಎಳೆದು ಕೂರಿಸಬೇಡಿ. ಕತ್ತು, ಬೆನ್ನು ಅಲುಗಬಾರದು.
* ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ತೆಗೆಯಲೇಬೇಕಾದರೆ ಒಬ್ಬರು ಕತ್ತನ್ನು ನೇರವಾಗಿ ಹಿಡಿದಿರಲಿ, ಇನ್ನೊಬ್ಬರು ಮೆಲ್ಲನೆ ಬಿಡಿಸಲಿ.
* ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿಯಿರಿ.
* ಸೈಲೆನ್ಸರ್ ತಾಗಿ ಸುಟ್ಟಿದ್ದರೆ 20 ನಿಮಿಷ ತಣ್ಣೀರು ಹಾಯಿಸಿ. ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ.
* 108ಕ್ಕೆ ಕರೆ ಮಾಡಿ. ಹತ್ತಿರದ ಊರು, ದಾರಿ ಸ್ಪಷ್ಟವಾಗಿ ಹೇಳಿ.

ಕೊನೆಯ ಅಂಶಕ್ಕೆ ಇನ್ನೊಂದು ಮಾತು ಸೇರಿಸಬೇಕು. ಗುಡ್ಡದ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಒಬ್ಬರೇ ಹೋಗಬೇಡಿ. ಮೂವರಿದ್ದರೆ ಒಳ್ಳೆಯದು, ಗಾಯಾಳುವಿನ ಬಳಿ ಒಬ್ಬ ಕುಳಿತರೆ ಇನ್ನೊಬ್ಬ ನೆರವಿಗೆ ಹೋಗಬಹುದು. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಟ್ಟು ಹೊರಡಿ. ಬೈಕು ಕೊಡಿಸುವ ತಂದೆತಾಯಿ ಮಗನಿಗೆ ಹಾಕಬೇಕಾದ ಮೊದಲ ಷರತ್ತು ಈ ಚೀಟಿಯೇ ಆಗಿರಲಿ.